ಸತ್ತವನ ಹೆಸರಿನಲ್ಲಿ ಬಂದ ನಾಯಿ

ವೆತೂರಿಯಾ ನಾಯಿ ಸಾಕಬೇಕೆಂದು ಸಾಕಿದವಳಲ್ಲ. ಬಾಯಿತಪ್ಪಿ ಸಾಕಿದಳು.

ಡ್ಯಾನ್ಯೂಬ್ ನದಿಯ ದಂಡೆಯ ಆ ಊರಿನಲ್ಲಿ, ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಹನ್ನೆರಡು ಮನೆಗಳ ಸಂಘಕ್ಕೆ ಅವಳು ಹತ್ತೊಂಬತ್ತು ವರ್ಷದಿಂದ ಅಧ್ಯಕ್ಷೆ. ಬೇರೆ ಯಾರೂ ನಿಲ್ಲಲಿಲ್ಲ, ಇವಳು ಬಿಡಲಿಲ್ಲ. ಭೂದಾಖಲೆ ಕಚೇರಿಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದ ಹೆಂಗಸು. ನಿಯಮ ಬರೆಯುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಮೆಟ್ಟಿಲ ಮೇಲೆ ಸೈಕಲ್ ಇಡಬಾರದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜಮಖಾನೆ ಕೊಡವಬಾರದು. ಹನ್ನೆರಡೂ ಮನೆಯವರ ಸಹಿಯಿಲ್ಲದೆ ನಾಯಿ ಸಾಕಬಾರದು. ಈ ಕೊನೆಯದನ್ನು ಬರೆದದ್ದೇ ಎದುರು ಮನೆಯ ಪೊಂಪಿಲಿಯುಗಾಗಿ.

ಪೊಂಪಿಲಿಯು ಹಡಗು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು, ಒಂಟಿ ಮುದುಕ. ಎಂಟು ವರ್ಷದ ಹಿಂದೆ ಮಾರುಕಟ್ಟೆಯ ಹಿಂಬದಿಯಿಂದ ಒಂದು ಹೆಣ್ಣುಮರಿಯನ್ನು ಕೋಟಿನೊಳಗೆ ಇಟ್ಟುಕೊಂಡು ಬಂದ. ವೆತೂರಿಯಾ ನಿಯಮ ಬರೆದು ಬೋರ್ಡಿಗೆ ಅಂಟಿಸಿದಳು. ಅವನು ಅದನ್ನು ನಿಧಾನವಾಗಿ ಪೂರ್ತಿ ಓದಿ, ಮೇಲೆ ಹೋಗಿ, ನಾಯಿಗೆ 'ಅಧ್ಯಕ್ಷೆ' ಎಂದು ಹೆಸರಿಟ್ಟ. ಅಂದಿನಿಂದ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಮೆಟ್ಟಿಲ ತುಂಬ ಅವನ ಗಂಟಲು: "ಅಧ್ಯಕ್ಷೇ, ಬಾರಮ್ಮ, ಉಚ್ಚೆಗೆ ಹೋಗೋಣ." ಹನ್ನೊಂದು ಮನೆಯವರಿಗೆ ಪುಕ್ಕಟೆ ಮನರಂಜನೆ. ವೆತೂರಿಯಾ ನಲವತ್ತೊಂದು ನೋಟಿಸ್ ಕೊಟ್ಟಳು. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ, ಹಾಗಾಯಿತು.

ನಾಯಿಯಾದರೂ ಎಂಥದು. ಕುರಿಕಾಯುವ ನಾಯಿಯ ತಲೆ, ಮೇಜಿನಿಂದ ಕಿತ್ತು ಜೋಡಿಸಿದಂಥ ಮೋಟು ಕಾಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ರಜೆಯ ಮೇಲೆ. ಬಾಲ ಮಾತ್ರ ಯಾವುದೋ ದೊಡ್ಡ ಮನೆತನದ್ದು. ಅಪ್ಪ ಯಾರೆಂದು ಅದರ ಅಮ್ಮನಿಗೇ ಗೊತ್ತಿದ್ದ ಹಾಗಿರಲಿಲ್ಲ.

ಅಕ್ಟೋಬರ್ ಕೊನೆಗೆ ಪೊಂಪಿಲಿಯು ನಿದ್ದೆಯಲ್ಲೇ ತೀರಿಕೊಂಡ. ಅವನ ತಂಗಿಯ ಮಗಳು ಒಲಿಂಪಿಯಾ ಕ್ರಯೋವಾದಿಂದ ಬಂದು ಮಣ್ಣು ಮಾಡಿಸಿದಳು. ಅವಳ ಗಂಡನಿಗೆ ನಾಯಿ ಹತ್ತಿರ ಬಂದರೆ ಉಸಿರು ಕಟ್ಟುತ್ತದೆ. ನಲವತ್ತನೇ ದಿನದವರೆಗೆ ಹೇಗೋ ಅಲ್ಲೇ ಇದ್ದು ನೋಡಿಕೊಳ್ಳುವುದು, ಆಮೇಲೆ ಯಾರೂ ಒಯ್ಯದಿದ್ದರೆ ಪುರಸಭೆಯ ನಾಯಿದೊಡ್ಡಿಯ ಗಾಡಿಗೆ ಹತ್ತಿಸುವುದು ಎಂಬುದು ಒಲಿಂಪಿಯಾಳ ಲೆಕ್ಕ. ಆ ದೊಡ್ಡಿಯಲ್ಲಿ ಹದಿನಾಲ್ಕು ದಿನ ಇಡುತ್ತಾರೆ. ಹದಿನೈದನೆಯ ದಿನ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು.

ಆ ಸೀಮೆಯಲ್ಲಿ ಸತ್ತವರ ಹೆಸರಿನಲ್ಲಿ ಇಲ್ಲಿ ಏನು ಕೊಡುತ್ತೀರೋ ಅದು ಅಲ್ಲಿ ಅವರಿಗೆ ಮುಟ್ಟುತ್ತದೆ. ಅದಕ್ಕೇ ನಲವತ್ತನೇ ದಿನ ತಟ್ಟೆ, ಚಮಚ, ಬಕೆಟ್, ಮಂಚ, ಕುರ್ಚಿ ಎಲ್ಲ ಕೊಡುತ್ತಾರೆ. ಸಮಾಧಿಯ ಮೇಲಿಂದ ಜೀವಂತ ಕೋಳಿಯನ್ನೂ ದಾಟಿಸಿ ಕೊಡುವುದುಂಟು. ಪಡೆಯುವವರು ಉರಿಯುವ ಮೇಣದಬತ್ತಿಯ ಜೊತೆ ಇಸಿದುಕೊಂಡು "ದೇವರು ಮನ್ನಿಸಲಿ" ಅನ್ನಬೇಕು. ಅಂದರೆ ಮುಗಿಯಿತು. ಬೇಡವೆನ್ನುವಂತಿಲ್ಲ, ವಾಪಸು ಕೊಡುವಂತಿಲ್ಲ. ಮಕ್ಕಳು ಅಪ್ಪ ಅಮ್ಮ ಎನ್ನುವುದನ್ನು ಕಲಿತ ಮೇಲೆ ಕಲಿಯುವ ಮಾತು ಅದು, ನಾಲಿಗೆ ತಾನೇ ಹೇಳಿಬಿಡುತ್ತದೆ.

ಒಲಿಂಪಿಯಾ ಮೆಟ್ಟಿಲ ಪಡಸಾಲೆಯಲ್ಲೇ ಮೇಜು ಹಾಕಿ ಹಂಚಿದಳು. ಕೆಳಗಿನ ಮನೆಯ ನೂತ್ಸಿಗೆ ಸೂಪಿನ ಪಾತ್ರೆ ಮತ್ತು ಒಂದು ಕುರ್ಚಿ ಸಿಕ್ಕಿತು. ವೆತೂರಿಯಾ ಬಂದಿದ್ದು ದಾನಕ್ಕಲ್ಲ, ಮೇಣ ನೆಲಕ್ಕೆ ಸುರಿಯದಂತೆ ನೋಡಿಕೊಳ್ಳಲು. ಕೊನೆಯಲ್ಲಿ ನಿಂತಿದ್ದಳು. ಒಲಿಂಪಿಯಾ ಒಂದು ಹೊಸ ಟವೆಲ್ ಮಡಚಿ, ಮೇಲೆ ಮೇಣದಬತ್ತಿ ಹಚ್ಚಿ ಅವಳ ಕೈಗಿಟ್ಟಳು.

"ತಗೊಳ್ಳಿ ಅಕ್ಕ, ಮಾವನ ಹೆಸರಲ್ಲಿ."

"ದೇವರು ಮನ್ನಿಸಲಿ," ಎಂದಳು ವೆತೂರಿಯಾ.

ಟವೆಲಿನ ಮಡಿಕೆಯೊಳಗೆ ಒಂದು ಚರ್ಮದ ಪಟ್ಟಿ ಇತ್ತು. ಪಟ್ಟಿಯ ಇನ್ನೊಂದು ತುದಿ ಮೇಜಿನ ಕೆಳಗಿತ್ತು. ಆ ತುದಿ ಎದ್ದು ಬಂದು ಅವಳ ಚಪ್ಪಲಿ ಮೂಸಿತು.

"ಏನೇ ಇದು?"

"ಮಾವನಿಗೆ ಅಲ್ಲಿ ನಾಯಿ ಬೇಕಲ್ಲ ಅಕ್ಕ. ಇಲ್ದಿದ್ರೆ ಅವರಿಗೆ ಹೊತ್ತು ಹೋಗಲ್ಲ."

"ನಾಯಿನ ಯಾರಾದ್ರೂ ದಾನ ಕೊಡ್ತಾರಾ?"

"ಕೋಳಿ ಕೊಡಲ್ವಾ?"

ನೂತ್ಸಿ ತನ್ನ ಹೊಸ ಕುರ್ಚಿಯ ಮೇಲೆ ಕೂತೇ ಹೇಳಿದಳು: "ಬಾಯಿಬಿಟ್ಟು ಅಂದಾಯ್ತಲ್ಲ ಮೇಡಂ, ಇನ್ನೇನು. ದೇವರು ಒಳ್ಳೇದು ಮಾಡ್ಲಿ." ಬೇಲಿಯ ಮೇಲೆ ಹೋಗುತ್ತಿದ್ದ ಓತಿಕೇತವನ್ನು ಮೈಮೇಲೆ ಬಿಟ್ಟುಕೊಂಡವರನ್ನು ವೆತೂರಿಯಾ ಕಂಡಿದ್ದಳು. ತಾನೂ ಅವರ ಸಾಲಿಗೆ ಸೇರಿದ್ದು ಇದೇ ಮೊದಲು.

ನಾಯಿ ಒಳಗೆ ಬರಲೊಪ್ಪಲಿಲ್ಲ. ಬೀಗ ಹಾಕಿದ ಎದುರು ಬಾಗಿಲಿಗೆ ಮೂತಿ ಹಚ್ಚಿ ಮಲಗಿತು. ಮೊದಲ ದಿನ ವೆತೂರಿಯಾ ಬಾಗಿಲು ಹಾಕಿಕೊಂಡು ಮಲಗಿದಳು. ಎರಡನೆಯ ದಿನ ಬಾಗಿಲು ತೆರೆದಿಟ್ಟು, ಕೋಟು ತೊಟ್ಟು, ಹೊಸ್ತಿಲಲ್ಲಿ ಸ್ಟೂಲು ಹಾಕಿ ಕೂತಳು. ಬಾಗಿಲು ತೆರೆದಿಟ್ಟು ಮನೆಯ ಕಾವು ಮೆಟ್ಟಿಲಿಗೆ ಬಿಡಬಾರದೆಂಬುದು ಅವಳದೇ ಒಂಬತ್ತನೇ ನಿಯಮ. ಅಂಗಡಿಯ ಒಣ ತಿಂಡಿ ತಂದಿಟ್ಟಳು, ಮುಟ್ಟಲಿಲ್ಲ. ಬೇಯಿಸಿದ ಮೊಟ್ಟೆ, ಮುಟ್ಟಲಿಲ್ಲ. ನಾಲ್ಕನೆಯ ದಿನ ಮೆಕ್ಕೆಜೋಳದ ಮುದ್ದೆ ತೊಳಸಿ, ಕೋಳಿಯ ಕತ್ತು ಬೇಯಿಸಿ ಬೆರೆಸಿ, ಹೊಸ್ತಿಲ ಒಳಗಿಟ್ಟಳು. ನಾಯಿ ಮುಂಗಾಲು ಎರಡು ಒಳಗಿಟ್ಟು, ಹಿಂಗಾಲು ಎರಡು ಹೊರಗೇ ಉಳಿಸಿಕೊಂಡು ತಿಂದಿತು. ಒಂದು ವಾರ ಹೀಗೇ ಅರ್ಧ ನಾಯಿಯ ಜೊತೆ ಸಂಸಾರ ನಡೆಯಿತು.

ಹೆಸರು ಬದಲಿಸಲು ನೋಡಿದಳು. ಲೋಲಾ ಎಂದಳು, ಫ್ರೀದಾ ಎಂದಳು. ನಾಯಿ ಕತ್ತೂ ಹೊರಳಿಸಲಿಲ್ಲ. ಒಂದು ಬೆಳಿಗ್ಗೆ ಅದು ಹಗ್ಗ ಬಿಡಿಸಿಕೊಂಡು ಕಸದ ತೊಟ್ಟಿಗಳತ್ತ ಓಡಿತು. ಟ್ರಾಮಿನ ಹಳಿ ಇದ್ದದ್ದೂ ಆ ಕಡೆಯೇ. ವೆತೂರಿಯಾ ಅಂಗಳದ ನಡುವೆ ನಿಂತು, ಹನ್ನೆರಡು ಮನೆಯ ಕಿಟಕಿಗಳ ಕೆಳಗೆ, ಗಂಟಲು ಹರಿಯುವಂತೆ ಕೂಗಿದಳು: "ಅಧ್ಯಕ್ಷೇ, ಬಾರಮ್ಮ." ನಾಯಿ ತಿರುಗಿ ಬಂತು. ಕಿಟಕಿಗಳೂ ತೆರೆದವು.

ಪಶುವೈದ್ಯ ನಾಯಿಯ ಪುಸ್ತಕದಲ್ಲಿ ತಳಿ ಎಂಬ ಕಡೆ 'ಮಿಶ್ರ' ಎಂದು ಬರೆದ.

"ಯಾವುದರ ಮಿಶ್ರ ಅಂತ ಬರೀರಿ," ಎಂದಳು.

"ಎಲ್ಲದರದ್ದೂ ಮೇಡಂ. ಅಷ್ಟು ಜಾಗ ಇಲ್ಲ."

ಇನ್ನು ಸಹಿಯ ಕೆಲಸ. ನಿಯಮ ಬರೆದವಳೇ ಹಾಳೆ ಹಿಡಿದು ಬಾಗಿಲು ಬಾಗಿಲು ತಟ್ಟಿದಳು. ಎಲ್ಲರೂ ನಗುತ್ತಲೇ ಸಹಿ ಹಾಕಿದರು. ಒಬ್ಬರು ಎರಡು ಸಲ ಓದಿಸಿಕೊಂಡರು. ಬೀಗ ಹಾಕಿದ ಮನೆಯ ಪರವಾಗಿ ಒಲಿಂಪಿಯಾ ಅಂಚೆಯಲ್ಲಿ ಕಳಿಸಿದಳು. ಉಳಿದದ್ದು ನೂತ್ಸಿ.

"ನಾನು ಹಾಕಲ್ಲ ಮೇಡಂ," ಎಂದಳು ನೂತ್ಸಿ, ಕೈಯೊರೆಸಿಕೊಳ್ಳುತ್ತ. "ನನ್ನ ಜೆರೇನಿಯಂ ಕುಂಡ ಮೆಟ್ಟಿಲಿಂದ ತೆಗೆಸಿದ್ರಲ್ಲ, ನಾನೇನಾದ್ರೂ ಅಂದ್ನಾ? ನಿಯಮ ಅಂದ್ರೆ ನಿಯಮ. ಆದ್ರೂ ನಾಯಿ ಮೇಲೆ ನಂಗೇನೂ ಹಗೆ ಇಲ್ಲ. ನಾಯಿ ಡಾಕ್ಟ್ರ ಹತ್ರ ಮಾತಾಡಿದೀನಿ. ಜರ್ಮನಿಯಲ್ಲಿ ಗಂಡ ಹೆಂಡತಿ ಇದ್ದಾರಂತೆ, ವಯಸ್ಸಾದ ನಾಯಿಗಳನ್ನೇ ಹುಡುಕಿ ಸಾಕ್ತಾರಂತೆ. ತೋಟ ಇದೆ. ಫೋಟೋ ನೋಡಿ ಒಪ್ಪಿದ್ದಾರೆ. ಜನವರಿ ಆರರ ನೀರಿನ ಹಬ್ಬ ಕಳೆದ ಮೇಲೆ ಬರೋ ಶುಕ್ರವಾರ ಗಾಡಿ ಹೋಗುತ್ತೆ. ನಮ್ಮ ನಿಮ್ಮೆಲ್ಲರಿಗಿಂತ ಚೆನ್ನಾಗಿರುತ್ತೆ ಬಿಡಿ."

"ದಾನ ಬಂದದ್ದನ್ನ ಕೊಟ್ಟುಬಿಡೋ ಹಾಗಿಲ್ಲ."

"ಫಾದರ್‌ನ ಕೇಳಿ. ಅವರು ಕೊಡಬಾರದು ಅಂದ್ರೆ ಆಗಲೇ ಸಹಿ ಹಾಕ್ತೀನಿ."

ವೆತೂರಿಯಾ ಮರುದಿನವೇ ಸ್ಮಶಾನದ ಪಕ್ಕದ ಚರ್ಚಿಗೆ ಹೋದಳು. ಪಾದ್ರಿ ವಿಸಾರಿಯೋನ್ ಮೆಟ್ಟಿಲ ಹಿಮ ಗುಡಿಸುತ್ತಿದ್ದರು.

"ಫಾದರ್, ಸತ್ತವರ ಹೆಸರಲ್ಲಿ ಬಂದದ್ದನ್ನ ಇನ್ನೊಬ್ಬರಿಗೆ ಕೊಡಬಹುದಾ?"

"ಕೊಡಬಹುದಲ್ಲ. ನಿನ್ನ ಕೈಗೆ ಬಂದಾಗಲೇ ಅವನಿಗೆ ಮುಟ್ತು. ಆಮೇಲೆ ಅದು ನಿಂದು. ಬಕೆಟ್ ಬಂದಿದ್ರೆ ಬೇಕಾದವರಿಗೆ ಕೊಡಲ್ವಾ?"

"ಬಕೆಟ್ ಅಲ್ಲ ಫಾದರ್."

"ಏನಾದ್ರೂ ಆಗ್ಲಿ. ನೀನು ಸ್ವತಂತ್ರಳು."

ಪೀಡೆ ತೊಲಗಿತೆಂದು ಅವಳಿಗೆ ಸಮಾಧಾನವಾಗಬೇಕಿತ್ತು. ಸ್ಮಶಾನದ ಗೇಟಿನ ಹತ್ತಿರ ಬರುವಷ್ಟರಲ್ಲಿ ಅಳು ಬಂತು. ಅರವತ್ತಾರು ವರ್ಷದ ಹೆಂಗಸು, ಹಾಡುಹಗಲು, ಬಕೆಟ್ಟಿನ ಮಾತಿಗೆ ಅತ್ತಳು. ಆ ನಾಯಿ ಹೋದರೆ ಮನೆಯಲ್ಲಿ ತಾನು ಒಬ್ಬಳೇ ಎಂಬುದು ಅವಳಿಗೆ ಹೊಸ ವಿಷಯವೇನಲ್ಲ. ಆದರೆ ಈಗ ಅದನ್ನು ನೆನೆದರೆ ಭಯವಾಗುತ್ತಿತ್ತು. ಮೂಗೊರೆಸಿಕೊಂಡು ಮನೆಗೆ ಬಂದಳು. ಅಂಚೆಪೆಟ್ಟಿಗೆಗಳ ಹತ್ತಿರ ನೂತ್ಸಿ ಕಾದಿದ್ದಳು.

"ಏನಂದ್ರು?"

"ಕೊಡಲೇಬಾರದಂತೆ," ಎಂದಳು ವೆತೂರಿಯಾ. ಹೇಳಿದ ಸುಳ್ಳು ಬೋಳುಬೋಳಾಗಿ ಕಂಡಿತೆಂದು ಇನ್ನಷ್ಟು ಸೇರಿಸಿದಳು. "ಕೊಟ್ರೆ ಅಲ್ಲಿ ಅವನ ಕೈಯಿಂದ ಹಗ್ಗ ಜಾರಿಹೋಗುತ್ತಂತೆ. ನಾಯಿ ಅಲ್ಲೂ ಬೀದಿಪಾಲಾಗುತ್ತಂತೆ."

"ಹಂಗಂದ್ರಾ?"

"ಹಂಗೇ ಅಂದ್ರು."

ನೂತ್ಸಿ ತನ್ನ ಅಂಚೆಪೆಟ್ಟಿಗೆಯ ಬಾಗಿಲು ಮುಚ್ಚಿದಳು. "ಹಬ್ಬದ ಹಿಂದಿನ ದಿನ, ಐದನೇ ತಾರೀಖು, ಫಾದರ್ ಮನೆಮನೆಗೆ ಪವಿತ್ರ ನೀರು ಚಿಮುಕಿಸೋಕೆ ಬರ್ತಾರಲ್ಲ, ನನ್ನ ಕಿವಿಯಾರ ಕೇಳ್ಕೋತೀನಿ. ಗಾಡಿ ಹೇಗೂ ಶುಕ್ರವಾರ ಇದೆ."

ಅಲ್ಲಿಂದ ಐದನೇ ತಾರೀಖಿನವರೆಗೆ ವೆತೂರಿಯಾ ಸರಿಯಾಗಿ ಉಣ್ಣಲಿಲ್ಲ. ನಾಯಿ ಅವಳ ಪಾಲನ್ನೂ ತಿಂದು ದಪ್ಪವಾಯಿತು. ಹಿಂಗಾಲುಗಳು ಕೂಡ ಆಗಲೇ ಒಳಗೆ ಬಂದಿದ್ದವು.

ಐದನೇ ತಾರೀಖು ಪಾದ್ರಿ ವಿಸಾರಿಯೋನ್ ಹಿತ್ತಾಳೆಯ ಚೊಂಬು, ಕಾಮಕಸ್ತೂರಿಯ ಒಣ ಕಟ್ಟು ಹಿಡಿದು ಮನೆ ಮನೆ ಹತ್ತಿ ಬಂದರು. ಹಿಂದೆಯೇ ನೂತ್ಸಿ. ವೆತೂರಿಯಾ ಬಾಗಿಲು ತೆರೆದಳು. ನಾಯಿ ಅವಳ ಕಾಲ ಮೇಲೆ ಕೂತಿತು.

"ಫಾದರ್," ಎಂದಳು ನೂತ್ಸಿ, "ದಾನ ಬಂದ ನಾಯಿನ ಬೇರೆಯವರಿಗೆ ಕೊಟ್ರೆ ಸತ್ತವರ ಕೈಯಿಂದ ಹಗ್ಗ ಜಾರುತ್ತೆ ಅಂತ ನೀವು ಹೇಳಿದ್ರಾ?"

ಪಾದ್ರಿ ನೂತ್ಸಿಯನ್ನು ನೋಡಿದರು. ನಾಯಿಯನ್ನು ನೋಡಿದರು. ವೆತೂರಿಯಾ ನೆಲದ ಹಾಸುಗಲ್ಲು ನೋಡುತ್ತಿದ್ದಳು.

"ವೆತೂರಿಯಾ ಹಾಗಂದ್ಲಾ?"

"ಅಂದ್ರು."

"ಇವಳು ಸುಳ್ಳು ಹೇಳಿದ್ದನ್ನ ಇಷ್ಟು ವರ್ಷದಲ್ಲಿ ನೀನು ಕೇಳಿದ್ದೀಯಾ?"

"ಇಲ್ಲಪ್ಪ. ಅದೇ ಅವರ ಕಾಯಿಲೆ."

"ಮತ್ತೆ ನನ್ನನ್ಯಾಕೆ ಕೇಳ್ತೀಯ?"

ನೂತ್ಸಿ ಹಾಳೆ ಕೇಳಿ ಪಡೆದು, ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಸಹಿ ಹಾಕಿದಳು. "ಜೆರೇನಿಯಂ ವಾಪಸು ಇಡ್ತೀನಿ ಮತ್ತೆ," ಎಂದು ಹೇಳಿ ಕೆಳಗಿಳಿದಳು.

ಪಾದ್ರಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಹಗ್ಗ ಜಾರೋದು ಯಾವ ಪುಸ್ತಕದಲ್ಲಿದೆ?"

"ಯಾವುದರಲ್ಲೂ ಇಲ್ಲ ಫಾದರ್."

"ನಂಗೆ ಬೇಕು, ನಾನು ಕೊಡಲ್ಲ ಅಂದಿದ್ರೆ ಸಾಕಿತ್ತಲ್ಲ. ಅದಕ್ಕೆ ನನ್ನ ಹೆಸರು, ಸತ್ತವನ ಹೆಸರು ಯಾಕೆ ಎಳೀಬೇಕಿತ್ತು?"

ವೆತೂರಿಯಾ ಬೀರುವಿನಿಂದ ಸಂಘದ ಕಡತ ತೆಗೆದು, ಹುಡುಕದೆಯೇ ಒಂದು ಹಾಳೆ ತಿರುವಿ ಅವರ ಮುಂದಿಟ್ಟಳು. ಎಂಟು ವರ್ಷದ ಹಿಂದಿನ ಅರ್ಜಿ. ಅರ್ಜಿದಾರ, ಪೊಂಪಿಲಿಯು. ನಾಯಿ ಸಾಕಲು ಕಾರಣ ಎಂಬಲ್ಲಿ ವೆಲ್ಡರನ ದಪ್ಪ ಅಕ್ಷರದಲ್ಲಿ ಒಂದೇ ಮಾತು: 'ಬೇಕು.' ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳ ದುಂಡು ಕೈಬರಹ: 'ಬೇಕು ಎಂಬುದು ಕಾರಣವಲ್ಲ. ತಿರಸ್ಕರಿಸಲಾಗಿದೆ.'

"ಅವನು ಕೇಳಿದ್ದು ಅಷ್ಟೇ," ಎಂದಳು. "ಅದು ಸಾಲದು ಅಂತ ನಾನೇ ಬರೆದುಕೊಟ್ಟೆ. ಈಗ ಯಾವ ಬಾಯಲ್ಲಿ ಅದನ್ನೇ ಹೇಳ್ಲಿ ಫಾದರ್?"

ಪಾದ್ರಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು. ಕಾಮಕಸ್ತೂರಿಯ ಕಟ್ಟು ಅದ್ದಿ ಅವಳ ಹಣೆಗೆ ಮುಟ್ಟಿಸಿದರು, ನಾಯಿಯ ತಲೆಗೂ ಮುಟ್ಟಿಸಿದರು. ಹೊರಡುವಾಗ ಅವಳು ಕೇಳಿಕೊಂಡಳೆಂದು, ಬೀಗ ಹಾಕಿದ ಎದುರು ಬಾಗಿಲಿಗೂ ಒಂದಿಷ್ಟು ನೀರು ಚಿಮುಕಿಸಿ ಮೇಲಿನ ಮಹಡಿಗೆ ಹತ್ತಿದರು.