ಬಸವಪ್ಪನ ಮುಂದೆ ಹೈದರಾಬಾದು

ಸಂಜೆ ಐದರೊಳಗೆ ಅರ್ಪಿತ ಫೋನಿನಲ್ಲಿ ಒಂದು ಗುಂಡಿ ಒತ್ತದಿದ್ದರೆ ಹೈದರಾಬಾದಿನ ಸೀಟು ಇನ್ಯಾರದೋ ಪಾಲು. ಅಂಥ ದಿನವೇ ನಮ್ಮ ದೊಡ್ಡಪ್ಪ ಚಲುವರಾಜು ಅಂಗಳ ಸಾರಿಸಿ, ಬಸವಪ್ಪನ ಕಾಲಿಗೆ ಹಾಕಲು ಅರಿಶಿನದ ನೀರು ಕಲಸುತ್ತಾ ಕೂತಿದ್ದ. ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರು ಇಳಿಸಿ ಉಣ್ಣಲು ಬಂದ ನಾನು ಅದನ್ನು ಕಂಡು ಉರಿದುಹೋದೆ.

ಅರ್ಪಿತ ನನ್ನ ತಂಗಿ. ಮಂಡ್ಯದಲ್ಲಿ ಬಿ.ಎ. ಮುಗಿಸಿದ್ದಾಳೆ. ಭಾಷಾಶಾಸ್ತ್ರದ ಎಂ.ಎ.ಗೆ ಎರಡು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ: ಮೈಸೂರು, ಹೈದರಾಬಾದು. ಮೈಸೂರಾದರೆ ದಿನಾ ಮನೆಯಿಂದಲೇ ಹೋಗಿ ಬರಬಹುದು. ಅವಳ ಮನಸ್ಸಿರುವುದು ಹೈದರಾಬಾದಿನ ಮೇಲೆ. ಅಲ್ಲಿ ಲಿಪಿಯೂ ಇಲ್ಲದ, ಪುಸ್ತಕವೂ ಇಲ್ಲದ ಒಂದು ಭಾಷೆಯವರ ಊರಿಗೆ ಕರೆದೊಯ್ದು, ಅವರ ಜಗಲಿಯಲ್ಲಿ ಕೂತು, ಬರೀ ಕೇಳಿ ಕೇಳಿಯೇ ಅದರ ಜಾಡು ಹಿಡಿಯುವುದನ್ನು ಕಲಿಸುತ್ತಾರಂತೆ. ಅದನ್ನು ಹೇಳುವಾಗ ಅವಳ ಕೈ ಸುಮ್ಮನಿರುವುದಿಲ್ಲ. ಒಂದು ಸಲ ಸಾರಿನ ಸೌಟೇ ಹಾರಿ ಅಪ್ಪನ ತಟ್ಟೆಗೆ ಬಿತ್ತು.

ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟವನು. ಪಾಠ ಓದಲು ಎದ್ದರೆ ಸಾಕು, ನನ್ನ ಹಳ್ಳಿ ಮಾತನ್ನು ಆಡಿಕೊಂಡು ಮೇಷ್ಟ್ರು ಕ್ಲಾಸನ್ನೆಲ್ಲ ನಗಿಸುತ್ತಿದ್ದರು. ಒಂದು ದಿನ ಚೀಲ ಅಲ್ಲೇ ಬಿಸಾಕಿ ಬಂದೆ. ಆ ಮಾತನ್ನೇ ಅರ್ಪಿತ ಇಂಟರ್‌ವ್ಯೂನಲ್ಲಿ ಹೈದರಾಬಾದಿನವರಿಗೆ ಕೇಳಿಸಿದ್ದಾಳೆ. ಮಾರುಕಟ್ಟೆಯಲ್ಲಿ ನಾನು ವ್ಯಾಪಾರಿಗಳಿಗೆ ಬಯ್ಯುವುದನ್ನು ನನಗೇ ಗೊತ್ತಾಗದಂತೆ ಫೋನಿನಲ್ಲಿ ಹಿಡಿದುಕೊಂಡಿದ್ದಳು. “ನಿನ್ ಬೈಗುಳಕ್ಕೂ ಒಂದು ಕಾನೂನು ಅದೆ ಕಣಣ್ಣ. ಅವ್ರು ಎರಡು ಸಲ ಹಾಕಿಸ್ಕೊಂಡು ಕೇಳುದ್ರು,” ಅಂದಳು. ಅವತ್ತಿನಿಂದ ನಾನು ಹೈದರಾಬಾದಿನ ಕಡೆ.

“ಏನ್ ದೊಡ್ಡಪ್ಪ ಇದು?”

“ಬಸವಪ್ಪ ಏಳ್ಲಿ ಕಣ್ಲಾ. ನಿಮ್ಮಪ್ಪ ಒಪ್ಪವ್ನೆ. ಬಾಸೆ ಕಲಿಯಕ್ಕೆ ಐದ್ರಾಬಾದ್‌ಗಂಟ ಓಗ್ಬೇಕಾ? ನಮಗೆಲ್ಲ ಬಾಸೆ ಬರಕಿಲ್ವಾ?”

“ನಿನ್ ಮಕದಲ್ಲೂ ಎರಡು ಕಣ್ಣವೆ. ಕಣ್ಣಿನ ಡಾಕುಟ್ರ ತಾವ ಯಾಕ್ ಓಗಿದ್ದೆ ಮತ್ತೆ?”

“ದೊಡ್ಡೋರ ಕುಟೆ ಅಂಗೆಲ್ಲ ಆಡ್ಬಾರ್ದು ಕಣ್ಲಾ,” ಎಂದಳು ಅಜ್ಜಿ ಚಿಕ್ಕಬೋರಮ್ಮ, ಸೆರಗಿನೊಳಗೆ ನಗುತ್ತಾ. ಅಪ್ಪ ನನ್ನ ಮುಖ ನೋಡಲಿಲ್ಲ. “ಬಸವಪ್ಪ ಏನಂದ್ರೂ ಸರಿ. ಮಾತು ಕೊಟ್ಟಿವ್ನಿ,” ಎಂದ.

ಬಸವಪ್ಪ ಎಂದರೆ ದೇವರಿಗೆ ಬಿಟ್ಟ ಹೋರಿ. ಮೂಗುದಾರವಿಲ್ಲ, ಹಗ್ಗವಿಲ್ಲ. ಹೊಲದ ತಕರಾರಿರಲಿ, ಮದುವೆಯಿರಲಿ, ಬೋರ್ ಕೊರೆಸುವ ಜಾಗವಿರಲಿ, ನಮ್ಮ ಕಡೆ ಅವನನ್ನು ಕೇಳುತ್ತಾರೆ. ಕೇಳುವವರು ನೆಲದ ಮೇಲೆ ಕೂತು ಅಂಗೈ ಚಾಚಬೇಕು. ಅಂಗೈ ಮೇಲೆ ಬಲಗಾಲಿಟ್ಟರೆ ಒಪ್ಪಿದ ಎಂದು; ಮುಂದಕ್ಕೆ ಹೋದರೆ ಇಲ್ಲ ಎಂದು.

ಗೆಜ್ಜೆ ಸದ್ದು ಕೇಳಿಸುವಷ್ಟರಲ್ಲಿ ನಾಲ್ಕು ದಾಟಿತ್ತು. ಜತೆಗೆ ಪೂಜಾರಿ ಕರಿಯಯ್ಯ. ದೊಡ್ಡಪ್ಪ ಬಸವಪ್ಪನ ಕಾಲಿಗೆ ಅರಿಶಿನದ ನೀರು ಸುರಿದು, ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದ. “ಅಪ್ಪಾ, ನಮ್ ಮೊಗ ಮೈಸೂರಲ್ಲೇ ಓದ್ಲಿ ಅನ್ನದಾದ್ರೆ ಪಾದ ಕೊಡು.”

ಬಸವಪ್ಪ ಅವನ ಟವೆಲು ಮೂಸಿ ಮುಖ ತಿರುಗಿಸಿದ. ದೊಡ್ಡಪ್ಪ ಕೂತಲ್ಲೇ ತೆವಳಿಕೊಂಡು ಮತ್ತೆ ಎದುರಿಗೆ ಹೋದ. ಬಸವಪ್ಪ ಪೂಜೆ ತಟ್ಟೆಯ ಚೆಂಡುಹೂ ತಿಂದ.

“ಐದ್ರಾಬಾದು ಅಂತ ಕೇಳು ಈಗ,” ಎಂದೆ.

ದೊಡ್ಡಪ್ಪ ಅರೆಮನಸ್ಸಿನಲ್ಲೇ ಕೇಳಿದ. ಅದಕ್ಕೂ ಪಾದವಿಲ್ಲ. ಬಸವಪ್ಪ ಗೇಟಿನ ಕಡೆ ಹೊರಟ. ಇದನ್ನೆಲ್ಲ ನಂಬದ ನಾನೂ ಅವನ ಹಿಂದೆ ಎರಡು ಹೆಜ್ಜೆ ಹಾಕಿದೆ. ಗಂಟೆ ನಾಲ್ಕೂವರೆ.

ಕರಿಯಯ್ಯ ದೊಡ್ಡಪ್ಪನ ಕಡೆ ತಿರುಗಿದ. “ಓದೋರು ಯಾರಪ್ಪ?”

“ನನ್ ತಮ್ಮನ ಮಗಳು.”

“ಮತ್ತೆ ನೀನ್ಯಾಕ್ ಕುಂತಿದ್ದೀಯ? ಯಾರ ಇಚಾರವೋ ಅವ್ರೇ ಕೂರ್ಬೇಕು. ನಿನ್ ಒಲದ ನ್ಯಾಯಕ್ಕೆ ಪಕ್ಕದೂರು ನಿಡಘಟ್ಟದೋರು ಬಂದು ಕುಂತ್ರೆ ಬುಡ್ತೀಯಾ?”

ಆಗಲೇ ನನಗೂ ಹೊಳೆದದ್ದು. ವಾರದಿಂದ ನಾವೆಲ್ಲ ಕಿತ್ತಾಡುತ್ತಿದ್ದೆವು, ಅವಳನ್ನು ಯಾರೂ ಕೂರಿಸಿ ಕೇಳಿರಲಿಲ್ಲ. ನಾನೂ ಅಷ್ಟೆ.

ಅರ್ಪಿತ ಅಡುಗೆಮನೆಯಿಂದ ಬಂದು ಕೂತಳು. ಎರಡೂ ಅಂಗೈ ಜೋಡಿಸಿ ಚಾಚಿದಳು.

“ಬಸವಪ್ಪ, ಯಾವ್ದು ಓದ್ಲಿ, ಎಲ್ಲಿ ಓದ್ಲಿ ಅಂತ ನಾನ್ ಕೇಳಕಿಲ್ಲ. ಅದ ನಾನೇ ಆರಿಸ್ಕೊಂಡಿವ್ನಿ. ಐದ್ರಾಬಾದ್‌ಗೆ ಓಯ್ತೀನಿ. ನಗ್‌ನಗ್ತಾ ಕಳಿಸ್ಕೊಡಂಗಿದ್ರೆ ಪಾದ ಕೊಡು. ಕೊಡ್ದಿದ್ರೂ ಓಯ್ತೀನಿ, ಅಳ್ತಾ ಓಯ್ತೀನಿ ಅಷ್ಟೆ.”

ಅಪ್ಪ ತಲೆಯೆತ್ತಿದ. ಗೇಟಿನ ಹತ್ತಿರ ಬಸವಪ್ಪ ನಿಂತ. ಕಿವಿ ಒದರಿದ. ತಿರುಗಿದ. ಒಂದೊಂದೇ ಹೆಜ್ಜೆಗೆ ಗೆಜ್ಜೆ ಸದ್ದು ಮಾಡುತ್ತಾ ಬಂದು ಅವಳ ಕೂದಲು ಮೂಸಿದ. ಆಮೇಲೆ ಅಷ್ಟು ದೊಡ್ಡ ಗೊರಸನ್ನು, ಮಲಗಿದ ಕೂಸಿನ ಮೇಲೆ ಕೈಯಿಡುವ ಹಾಗೆ, ಅವಳ ಅಂಗೈ ಮೇಲಿಟ್ಟ.

ಮೊದಲು ಬಾಯಿ ಬಿಟ್ಟವನು ದೊಡ್ಡಪ್ಪನೇ. “ಕೊಟ್ಟ ಕಣ್ಲಾ.” ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಐದ್ರಾಬಾದಲ್ಲಿ ಮುದ್ದೆ ಸಿಕ್ಕದಾ?”

“ಸಿಕ್ಕದಿದ್ರೆ ನೀನೇ ಓಗಿ ತೊಳಸ್ಕೊಡು,” ಎಂದಳು ಅಜ್ಜಿ.

ನನಗೆ ಅದನ್ನೆಲ್ಲ ಕೇಳಲು ವ್ಯವಧಾನವಿರಲಿಲ್ಲ. ಅಂಗಳದಲ್ಲಿ ಸಿಗ್ನಲ್ ಬರುವುದಿಲ್ಲ. ಅವಳನ್ನು ಎಳೆದುಕೊಂಡು ಹೋಗಿ ನನ್ನ ಗೂಡ್ಸ್ ಆಟೋದ ಮೇಲೆ ಹತ್ತಿಸಿ ನಾನೂ ಹತ್ತಿದೆ. ಐದಕ್ಕೆ ಇನ್ನೇನು ಸ್ವಲ್ಪ ಇತ್ತು. ಪೇಜು ತೆರೆಯಿತು. ಅವಳು ಒತ್ತಿದಳು, ಒತ್ತಿದಳು, ಫೋನು ಜಪ್ಪಯ್ಯ ಅನ್ನಲಿಲ್ಲ. ಬೆರಳ ತುಂಬ ಅರಿಶಿನ, ಮಣ್ಣು.

“ಒರೆಸ್ಕೊಳೆ,” ಎಂದೆ.

ಕೆಳಗಿನಿಂದ ಅಜ್ಜಿ, “ಪಾದದ ಮಣ್ಣು ಕಣಮ್ಮ, ಒರೆಸ್ಬೇಡ.”

“ನೀನೇ ಒತ್ತಣ್ಣ. ಅಸಿರು ಬಣ್ಣದ್ದು.”

ಎಳನೀರಿನ ಕರೆ ಹತ್ತಿ ಕಪ್ಪಾಗಿದ್ದ ಹೆಬ್ಬೆರಳಿಂದ ಒತ್ತಿದೆ. ಗುಂಡಗೆ ಏನೋ ಸುತ್ತಿತು, ಸುತ್ತಿತು, ನಿಂತಿತು. ಸೀಟು ಅವಳದಾಯಿತು. ನಾನು ಸಿಗ್ನಲ್ಲಿಗೆ, ಮೇಷ್ಟ್ರಿಗೆ, ದೊಡ್ಡಪ್ಪನಿಗೆ, ಮಾರುಕಟ್ಟೆಗೆ ಬಾಯಿಗೆ ಬಂದದ್ದನ್ನೆಲ್ಲ ಬಯ್ದೆ. ಅರ್ಪಿತ ಮಣ್ಣಿನ ಕೈಯನ್ನು ಮೇಲಕ್ಕೆತ್ತಿಕೊಂಡೇ ಕುಣಿಯುತ್ತಿದ್ದಳು.

“ಅಣ್ಣ, ನಿಲ್ಲು, ರೆಕಾರ್ಡು ಒತ್ತು. ಆಮೇಲೆ ಮೊದಲಿಂದ ಬೈ.”