ಚಾಸಿ ನಂಬರು

ಟಪ್.

ಆಮೇಲೆ ಏನೂ ಇಲ್ಲ. ರತ್ನಮಾಲಾ ಕಣ್ಣು ತೆರೆಯದೆ ಕಾದಳು. ಮತ್ತೆ ಟಪ್. ಬಚ್ಚಲಿನ ನಲ್ಲಿಯಲ್ಲ, ಅದರ ಹನಿ ಬಕೆಟ್ಟಿನ ನೀರಿಗೆ ಬೀಳುತ್ತದೆ. ಇದು ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಬೀಳುತ್ತಿದೆ, ನೀರಿಗಿಂತ ತೆಳ್ಳಗೆ. ಪೆಟ್ರೋಲು.

ಅವಳು ಎದ್ದು ಕೂತಳು.

"ಎಲ್ಲಿಗಿ?" ಪಕ್ಕದಲ್ಲಿ ಮಚ್ಚೇಂದ್ರ ಕೇಳಿದ. ಅವನು ನಿದ್ದೆಯಲ್ಲೂ ಗಂಡನೇ.

"ಗಾಡಿ ಸೋರಾಕತ್ತದ."

"ಸೋರ್ಲಿ ಬಿಡು. ಇನ್ನ ಎರಡ್ ದಿನದ ಗಾಡಿ."

"ನೀವ್ ಮಲ್ಕೋರಿ."

ಸ್ಕೂಟರಿನ ಹೊಟ್ಟೆಯ ಕೆಳಗೆ ಸ್ಟೀಲಿನ ಬಟ್ಟಲು ಇಟ್ಟು, ಕತ್ತಲಲ್ಲೇ ಅದರ ಪಕ್ಕ ಕೂತಳು. ಎಲ್ಲಿಂದ ಸೋರುತ್ತಿದೆ ಎಂದು ಕೈಗೆ ಗೊತ್ತಿತ್ತು. ಹದಿನೈದು ವರ್ಷದಲ್ಲಿ ಈ ಗಾಡಿಯ ಯಾವ ಸದ್ದಿಗೂ ಅವಳು ಎರಡನೆಯ ಸಲ ಕಿವಿಗೊಡಬೇಕಾಗಿ ಬಂದಿರಲಿಲ್ಲ. ಮನುಷ್ಯರ ವಿಷಯದಲ್ಲಿ ಹಾಗೆ ಹೇಳಲು ಅವಳು ಹೆದರುತ್ತಿದ್ದಳು.

ಬೂದಿ ಬಣ್ಣದ ಚಿಕ್ಕ ಸ್ಕೂಟರು. ಮದುವೆಗೆ ಮೊದಲು, ಅವಳ ಹೆಸರಿನಲ್ಲಿ ಕೊಂಡದ್ದು. ನಾಡಿದ್ದಿಗೆ ಅದರ ನೋಂದಣಿಯ ಹದಿನೈದು ವರ್ಷ ಮುಗಿಯುತ್ತದೆ. ನವೀಕರಿಸದಿದ್ದರೆ ರಸ್ತೆಗೆ ತರುವ ಹಾಗಿಲ್ಲ. ಮಚ್ಚೇಂದ್ರ ಆಗಲೇ ಶೋರೂಮಿನವನಿಗೆ ಫೋನು ಮಾಡಿದ್ದ. ಹಳೆಯದನ್ನು ಕೊಟ್ಟು ಹೊಸದು ತರೋಣ ಎಂದಿದ್ದ. ಹೊಸದು ತನ್ನ ಹೆಸರಿನಲ್ಲಿರಲಿ, ನೌಕರಿ ಇದ್ದವರ ಹೆಸರಿನಲ್ಲಿ ಕಾಗದಪತ್ರ ಸಲೀಸು ಎಂದೂ ಹೇಳಿದ್ದ. ಅವನು ಮುಡಬಿಯ ಶಾಲೆಯಲ್ಲಿ ಮಾಸ್ತರ. ಯಾವುದನ್ನೂ ಜಗಳವಾಡಿ ಹೇಳುತ್ತಿರಲಿಲ್ಲ. ಅದು ಇನ್ನೂ ಕಷ್ಟ.

ಅವಳು ದಸ್ತಾವೇಜು ಬರೆಯುವವಳು. ಬಸವಕಲ್ಯಾಣದ ಅರ್ಧ ಊರಿನ ಹೊಲ, ಮನೆ, ನಿವೇಶನಗಳ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರು ಎಂದು ಅವಳೇ ಬರೆದಿದ್ದಳು. ಬರೆದವರ ಸಹಿ ಬಿಟ್ಟರೆ ಯಾವ ಕಾಗದದ ಯಾವ ಮೂಲೆಯಲ್ಲೂ ಅವಳ ಹೆಸರಿರಲಿಲ್ಲ.

ಒಂದೇ ಒಂದರಲ್ಲಿ ಇತ್ತು. ಅದು ಈಗ ಸೋರುತ್ತಿತ್ತು.

*

"ಸೋರಾಕತ್ತದ ಅಂದ್ರ ಒಳಗ ಇನ್ನಾ ಏನೋ ಅದ ಅಂತ ಆತಲ್ರಿ ಮೇಡಂ," ಎಂದ ಕಾಸಿಂ.

ಕೋಟೆ ರಸ್ತೆಯ ಕಾಸಿಂನ ಅಂಗಳದಲ್ಲಿ ಬೆಳಿಗ್ಗೆಯೇ ಆರು ಗಾಡಿ ನಿಂತಿದ್ದವು. ಅವನು ಅವಳದನ್ನೇ ಮೊದಲು ಎತ್ತಿಕೊಂಡ. ಮೊದಲಿನಿಂದಲೂ ಅವನೊಬ್ಬನೇ ಅದಕ್ಕೆ ಕೈ ಹಚ್ಚಿದವನು. ಕಾರ್ಬುರೇಟರ್ ಬಿಚ್ಚಿ, ಸೂಜಿ ತೆಗೆದು, ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ, ಹೊಸದು ಕೂಡಿಸಿದ.

"ರಿನ್ಯೂ ಮಾಡಸಾಕ ನಾಳಿಗಿ ಆರ್‌ಟಿಓ ಏಜಂಟ್ ಸಂತೋಷಕುಮಾರಗ ಚಾಸಿ ಪ್ರಿಂಟ್ ಕೊಡಬೇಕು," ಅವಳು ಹೇಳಿದಳು. "ಗಾಡಿ ನೋಡಂಗಿಲ್ಲಂತ. ಪ್ರಿಂಟ್ ಬರೋಬರ್ ಇದ್ರ ಸಾಕಂತ."

"ಈಗ ತಗದ ಕೊಡ್ತೀನಿ."

ಸೀಟು ಎತ್ತಿ, ಚೌಕಟ್ಟಿನ ಕಬ್ಬಿಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲು ತಿಕ್ಕಿದ. ಕಪ್ಪಿನೊಳಗಿಂದ ಬಿಳಿಯ ಅಂಕಿಗಳು ಒಂದೊಂದಾಗಿ ಎದ್ದುಬಂದವು. ಅಚ್ಚುಕಟ್ಟಾಗಿತ್ತು. ಅವಳು ರೂಢಿಯಂತೆ ಆರ್‌ಸಿ ಕಾರ್ಡು ತೆಗೆದು ಪಕ್ಕದಲ್ಲಿ ಹಿಡಿದಳು. ಯಾವ ಕಾಗದವನ್ನೂ ಇನ್ನೊಂದಕ್ಕೆ ಹೋಲಿಸದೆ ಅವಳು ಕೈಯಿಂದ ಬಿಟ್ಟವಳಲ್ಲ.

ಕಾರ್ಡಿನ ಕೊನೆಗೆ ೪೧೭೬೮. ಕಾಗದದಲ್ಲಿ ೪೦೨೯೩.

"ಇನ್ನೊಮ್ಮೆ ತಗೀರಿ."

ಅವನು ಇನ್ನೊಮ್ಮೆ ತೆಗೆದ. ಕಬ್ಬಿಣ ಮಾತು ಬದಲಿಸಲಿಲ್ಲ.

ಕಾಸಿಂ ಪೆನ್ಸಿಲು ಕಿವಿಗೆ ಸಿಕ್ಕಿಸಿ ಕೂತ. "ಛಾ ತರಸಲೇನ್ರಿ?"

"ಬ್ಯಾಡ. ಇದು ಯಾರ ಗಾಡಿ?"

ಅವನು ಅಂಗಳದ ಗೋಡೆಯ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಒಂಬತ್ತ ವರ್ಷ ಆಗಿರಬೇಕು. ದಸರಾದಾಗಿನ ಖಂಡೇ ಪೂಜಿ. ಎಲ್ಲಾರೂ ಗಾಡಿ ತೊಳಿಯಾಕ ಬಿಟ್ಟಿದ್ರು. ನಂಬರ್ ಪ್ಲೇಟ್ ಹೊಸದಾಗಿ ಬರೀರಿ ಅಂದ್ರು. ಎಲ್ಲಾ ಪ್ಲೇಟ್ ಬಿಚ್ಚಿ, ಬಣ್ಣ ಹೊಡದು, ಆ ಗ್ವಾಡಿಗಿ ಒಣಗಾಕ ಇಟ್ಟೆ. ಹಬ್ಬದ ಗಡಬಡಿ. ಆ ವರ್ಷ ಇಂಥಾವು ಎರಡ ಇದ್ವು, ಇದ ಬಣ್ಣ."

"ಕೀಲಿ?"

"ಹಳೇ ಕೀಲಿ ಸವದು ಯಾವ್ದಕ್ಕೂ ಹತ್ತತಾವ್ರಿ. ಪ್ಲೇಟ್ ಅದಲಿಬದಲಿ ನಾನ ಹಚ್ಚಿದೆ, ನಾನ ಹೂವಿನ ಮಾಲಿ ಹಾಕಿದೆ. ಯಾರ ಮ್ಯಾಲ ಹೇಳಲಿ?"

"ಇನ್ನೊಂದು ಯಾರ್ದು?"

"ಹುಮನಾಬಾದಿನ ಟೇಲರ್ ಕುಲ್ಸುಮ್ ಬೀ ಅವರ್ದು. ತವರುಮನಿ ನಮ್ಮ ಓಣಿ. ಆಗ ಬಂದಿದ್ರು." ಅವನು ಎದ್ದ. "ಹೋಗಿ ಹೇಳ್ರಿ ಮೇಡಂ. ನಿಮ್ಮದ ನೀವ್ ತಗೋರಿ, ಅವರ್ದ ಅವರಿಗಿ ಕೊಡ್ರಿ. ನಾನೂ ಬರ್ತೀನಿ ಬೇಕಂದ್ರ, ಅವರ ಕಾಲಿಗಿ ಬೀಳ್ತೀನಿ."

"ಅದು ಹ್ಯಾಂಗ ಅದ ಈಗ?"

ಕಾಸಿಂ ಕೈಯ ಗ್ರೀಸನ್ನು ಒರೆಸಿಕೊಂಡ. "ಮೂರ್ ವರ್ಷ ಆತು, ಹೊರಗ ತಗದಿಲ್ಲಂತ."

ಒಂಬತ್ತು ವರ್ಷ ಅವಳು ಎಣ್ಣೆ ಬದಲಿಸಿದ್ದಳು, ಮಳೆಗೆ ಪ್ಲಾಸ್ಟಿಕ್ಕು ಹೊದಿಸಿದ್ದಳು, ಎರಡು ಸಲ ಪಿಸ್ಟನ್ನು ಹಾಕಿಸಿದ್ದಳು. ತನ್ನ ಊಟ ತಪ್ಪಿದರೂ ಅದರ ಸರ್ವಿಸ್ಸು ತಪ್ಪಿರಲಿಲ್ಲ. ಇದಕ್ಕೆ ಯಾವ ಶಬ್ದ? ಕಳವಲ್ಲ. ಖರೀದಿಯಲ್ಲ. ದಾನವಂತೂ ಅಲ್ಲ. ದಸ್ತಾವೇಜಿನಲ್ಲಾದರೆ 'ಸ್ವಾಧೀನಾನುಭವ' ಎಂದು ಬರೆಯುತ್ತಿದ್ದಳು. ದೊಡ್ಡ ಶಬ್ದ. ಅದನ್ನು ಬರೆದಾಗಲೆಲ್ಲ ಕಕ್ಷಿದಾರರು ಸಮಾಧಾನದಿಂದ ತಲೆಯಾಡಿಸುತ್ತಿದ್ದರು.

"ಆ ಪೆನ್ಸಿಲು ಕೊಡ್ರಿ. ಎರಡ್ ಕಾಗದಾನೂ," ಎಂದಳು.

ಕಾಸಿಂ ಕೊಟ್ಟ.

*

ಹೆದ್ದಾರಿಯಲ್ಲಿ ಲಾರಿಗಳು ಅವಳನ್ನು ದಾಟುವಾಗ ಗಾಡಿ ಒಮ್ಮೆ ಎಡಕ್ಕೆ ವಾಲಿ ಮತ್ತೆ ನೇರವಾಗುತ್ತಿತ್ತು. ಯಾವ ಗಾಡಿ? ಅವಳು ಆ ಪ್ರಶ್ನೆಯನ್ನು ಹುಮನಾಬಾದಿನ ದಾರಿಯ ರಾಜೇಶ್ವರ ಬರುವವರೆಗೆ ತಡೆದಿಟ್ಟಳು.

ಆ ಖಂಡೇ ಪೂಜೆಯ ಸಂಜೆ ನೆನಪಾಯಿತು. ಚೆಂಡು ಹೂವಿನ ಮಾಲೆ ಹಾಕಿಕೊಂಡ ಗಾಡಿಯನ್ನು ಮನೆಗೆ ಒಯ್ಯುವಾಗ ಮೊದಲ ತಿರುವಿನಲ್ಲೇ ಮುಗ್ಗರಿಸಿದ್ದಳು. ಅವಳ ಗಾಡಿಯ ಹಿಂದಿನ ಬ್ರೇಕು ತಡವಾಗಿ ಹಿಡಿಯುತ್ತಿತ್ತು. ಒಂದು ಮಾರು ಮೊದಲೇ ಒತ್ತಬೇಕು. ಅದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಕಾಸಿಂಗೆ ಹೇಳಿರಲೇ ಇಲ್ಲ. ಅವತ್ತು ಒತ್ತಿದ ಕೂಡಲೇ ಹಿಡಿಯಿತು. ಬಾಗಿಲು ಬಡಿದು ಬಲಗಡೆ ಆಗಿದ್ದ ತಗ್ಗೂ ಇರಲಿಲ್ಲ. ಮರುದಿನ ಕಾಸಿಂಗೆ ಹೇಳಿದ್ದಳು, "ನಿಮ್ಮ ಕೈ ಅಂದ್ರ ಕೈ. ಗಾಡಿ ಹೊಸಾದ ಆಗೇದ." ಅವನು ಸಂಕೋಚದಿಂದ ನಕ್ಕಿದ್ದ. ಇಬ್ಬರಿಗೂ ಹೊಗಳಿಕೆ ಸಾಕಾಗಿತ್ತು. ಯಾರೂ ಸೀಟು ಎತ್ತಿ ನೋಡಲಿಲ್ಲ.

ಎಲ್ಲವನ್ನೂ ಗಮನಿಸುತ್ತೇನೆ ಎಂದು ನಂಬಿದವಳು. ಬಾಗಿಲ ಚಿಲಕ ಮೂರು ಸಲ ನೋಡುವವಳು.

ಮೋಟರ್‌ಸೈಕಲ್ಲಿನ ಇಬ್ಬರು ಪಕ್ಕಕ್ಕೆ ಬಂದರು. "ಬಾಯಾರ, ಗಾಡಿ ಮ್ಯೂಸಿಯಂಕ್ಕ ಹೊಂಟದೇನ್ರಿ?"

"ನಿಮ್ಮ ಗಾಡಿ ಇಷ್ಟ ವರ್ಷ ಬಂದ್ ಮ್ಯಾಲ ಕೇಳ್ರಿ," ಎಂದು ಅವಳು ಎಕ್ಸಿಲರೇಟರ್ ತಿರುವಿದಳು. ಅವರು ನಗುತ್ತ ಹಿಂದೆ ಬಿದ್ದರು. ಗಾಡಿ ಅವಳ ಮಾತನ್ನು ಉಳಿಸಿತು. ಇದನ್ನು ಬಿಡುವುದಿಲ್ಲ, ಅಂದುಕೊಂಡಳು. ಯಾರದಾದರೂ ಆಗಿರಲಿ. ಬೇಕಿದ್ದರೆ ಕಬ್ಬಿಣ ಒಂದು ಹೇಳಲಿ, ಕಾಗದ ಒಂದು ಹೇಳಲಿ. ನಡೆಸಿದವಳು ನಾನು.

*

ಹುಮನಾಬಾದಿನ ಆ ಮನೆಯ ಮುಂದೆ ತಗಡಿನ ಇಳಿಜಾರು ಇತ್ತು. ಅದರ ಕೆಳಗೆ, ಗೋಡೆಗೆ ಮುಖ ಮಾಡಿ, ದೊಡ್ಡ ಸ್ಟ್ಯಾಂಡಿನ ಮೇಲೆ ಬೂದಿ ಬಣ್ಣದ ಸ್ಕೂಟರು ನಿಂತಿತ್ತು. ರತ್ನಮಾಲಾ ಮೊದಲು ಬಲಗಡೆ ನೋಡಿದಳು. ತಗ್ಗು ಇತ್ತು.

ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಯಾರೋ ಹೇಳಿ ಪರಿಚಯ ಮಾಡಿಸಿದ ದೂರದ ಸಂಬಂಧಿಯ ಹಾಗೆ ಅದು ನಿಂತಿತ್ತು.

"ಬ್ಲೌಜ್ ಏನ್ರಿ? ಹಬ್ಬ ಆಗೋತನಕಾ ಹೊಸಾವ್ ತಗೋಳಾಂಗಿಲ್ಲ," ಹೊಲಿಗೆ ಯಂತ್ರದ ಹಿಂದಿನಿಂದ ಫರಹತ್ ಹೇಳಿದಳು. ಕುಲ್ಸುಮ್ ಬೀಯ ಮಗಳು, ಬಾಯಲ್ಲಿ ದಾರವಿತ್ತು.

"ಬ್ಲೌಜ್ ಅಲ್ರಿ. ಕಾಸಿಂ ಮೇಸ್ತ್ರಿ ಕಳಿಸ್ಯಾನ. ನಂದೂ ಇಂಥಾದ ಗಾಡಿ. ಒಂದ್ ಸಾಮಾನಿನ ಸಲುವಾಗಿ ಇದರ ನಂಬರ್ ಬೇಕಾಗಿತ್ತು."

ಪೂರ್ತಿ ಸುಳ್ಳಲ್ಲ. ಅವಳು ಅದನ್ನು ದಾರಿಯಲ್ಲೇ ಕೂಡಿಸಿಕೊಂಡು ಬಂದಿದ್ದಳು.

"ಅಮ್ಮೀ," ಫರಹತ್ ಒಳಗೆ ಕೂಗಿದಳು, "ನಿಮ್ಮ ಸವತಿನ ನೋಡಾಕ ಯಾರೋ ಬಂದಾರ." ಆಮೇಲೆ ಇವಳ ಕಡೆ ತಿರುಗಿ, "ಗುಜರಿಯವನಿಗಿ ಹಾಕೋಣ ಅಂದ್ರ ಕೊಡಗೊಡಂಗಿಲ್ರಿ. ನನ್ನ ಲಗ್ನಕ್ಕೂ ಇಷ್ಟು ಹಟ ಹಿಡೀಲಿಲ್ಲ."

ಕುಲ್ಸುಮ್ ಬೀ ವಾಕರ್ ಹಿಡಿದು ಬಂದಳು. ಅರವತ್ತು ದಾಟಿರಬೇಕು. ಒಂದು ಕಾಲು ಇನ್ನೊಂದಕ್ಕಿಂತ ನಿಧಾನವಾಗಿ ಬಂತು. ಮೊದಲು ರತ್ನಮಾಲಾಳನ್ನು ನೋಡಲಿಲ್ಲ. ಬೀದಿಯಲ್ಲಿ ನಿಂತಿದ್ದ ಗಾಡಿಯನ್ನು ನೋಡಿದಳು.

"ನಿಮ್ಮದಾ? ಛಲೋ ಇಟ್ಟೀರಿ ಬೇಟಿ. ಕೂಡ್ರಿ. ಎಷ್ಟ ವರ್ಷ ಆತು?"

"ಹದಿನೈದು, ಖಾಲಾ."

"ನಂದೂ ಹದಿನೈದ. ಒಂದ್ ದಿನಾನೂ ಬ್ಯಾರೆ ಕೈಗಿ ಕೊಟ್ಟಿಲ್ಲ. ಚಿಟಗುಪ್ಪಾ, ಘಾಟಬೋರಾಳ, ಎಲ್ಲಾ ಕಡೆ ಹೊಲಿದ ಬಟ್ಟಿ ಮುಟ್ಟಿಸಿ ಬರ್ತಿದ್ದೆ. ಹೆಂಗಸು ಗಾಡಿ ಹೊಡೀತಾಳ ಅಂತ ಮಂದಿ ನಿಂತು ನೋಡೋರು. ನೋಡ್ರಿ ಅಂತ ಇನ್ನಾ ಜೋರ ಹೊಡೀತಿದ್ದೆ."

ರತ್ನಮಾಲಾ ನಕ್ಕಳು. ನಗಬಾರದಿತ್ತು. ಈ ಹೆಂಗಸು ಇಷ್ಟವಾಗುವುದು ಅವಳಿಗೆ ಬೇಕಿರಲಿಲ್ಲ.

"ಕಾಲಿಗಿ ಏನಾತ್ರಿ?"

"ಗಾಡಿಗಿ ವಯಸ್ಸಾತು, ನನಗೂ ಆತು. ಆಮ್ಯಾಗ ಆಮ್ಯಾಗ ಹಿಂದಿನ ಬ್ರೇಕು ತಡಾ ಹಿಡೀಲಿಕ್ಕ ಹತ್ತಿತು. ನನ್ನ ಕೈಯಾಗಿನ ಕಸುವ ಹೋಗ್ಯದ ಅನ್ಕೊಂಡೆ. ಮಾಣಿಕನಗರದ ತಿರುವಿನ್ಯಾಗ ಮೂರ್ ವರ್ಷದ ಹಿಂದ ಟ್ರ್ಯಾಕ್ಟರ್ ಬಂತು. ಒತ್ತಿದೆ. ಹಿಡೀಲಿಲ್ಲ. ಸೊಂಟಾ ಮುರೀತು."

ಫರಹತ್‌ಳ ಯಂತ್ರ ಒಂದು ಗೆರೆ ಹೊಲಿದು ನಿಂತಿತು.

"ಮೊದ್ಲ ಹಿಂಗಿರಲಿಲ್ಲ ಗಾಡಿ," ಕುಲ್ಸುಮ್ ಬೀ ಅಂದಳು. "ಮೊದ್ಲ ನನ್ನ ಮಾತು ಕೇಳ್ತಿತ್ತು."

ಒಂದು ಮಾರು ಮೊದಲೇ ಒತ್ತಬೇಕು, ಖಾಲಾ. ವಾಕ್ಯ ಪೂರ್ತಿಯಾಗಿ, ಕರ್ತೃ ಕರ್ಮ ಕ್ರಿಯಾಪದಗಳೊಂದಿಗೆ, ಅವಳ ಬಾಯಿಯಲ್ಲಿತ್ತು. ಅವಳು ಅದನ್ನು ಅಲ್ಲೇ ಇಟ್ಟುಕೊಂಡಳು. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ. ಹೇಳಿದರೆ ಬೀದಿಯಲ್ಲಿ ನಿಂತದ್ದು ಇವರದಾಗುತ್ತದೆ; ತಾನು ಗೋಡೆಗೆ ಮುಖ ಮಾಡಿದ್ದನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಬೇಕು. ಮಚ್ಚೇಂದ್ರ ಅದನ್ನು ನೋಡಿ ಏನೂ ಅನ್ನುವುದಿಲ್ಲ. ಶೋರೂಮಿಗೆ ಫೋನು ಮಾಡುತ್ತಾನೆ, ಅಷ್ಟೇ.

"ನಂಬರ್ ತಗೋತೀನ್ರಿ," ಎಂದು ಎದ್ದಳು.

ಸೀಟು ಎತ್ತಿ ಕಬ್ಬಿಣ ಒರೆಸಿದಳು. ಕಾಗದ ಇಟ್ಟಳು. ಒಂದೇ ಕೈಯಿಂದ ಹಿಡಿದು ತಿಕ್ಕಹೋದಾಗ ಕಾಗದ ಜಾರಿತು.

"ತಡೀ ಬೇಟಿ, ನಾ ಹಿಡೀತೀನಿ." ಕುಲ್ಸುಮ್ ಬೀ ವಾಕರಿಗೆ ಸೊಂಟ ಆನಿಸಿ, ಸೂಜಿಯ ಚುಚ್ಚುಗಳಿಂದ ಗಟ್ಟಿಯಾದ ಎರಡು ಹೆಬ್ಬೆರಳಿಂದ ಕಾಗದದ ಎರಡು ತುದಿ ಒತ್ತಿ ಹಿಡಿದಳು. "ಈಗ ತಿಕ್ಕು."

ರತ್ನಮಾಲಾ ತಿಕ್ಕಿದಳು. ನಾಲ್ಕು. ಒಂದು. ಏಳು. ಆರು. ಎಂಟು.

"ಬರೋಬರ್ ಮೂಡ್ಯದ ನೋಡು," ಎಂದಳು ಕುಲ್ಸುಮ್ ಬೀ, ಹೊಲಿಗೆ ನೇರ ಬಂದಾಗ ಹೇಳುವ ದನಿಯಲ್ಲಿ. "ನಂದೂ ಈ ತಿಂಗಳಿಗಿ ಮುಗೀತದಲ್ಲ. ನಾನೂ ರಿನ್ಯೂ ಮಾಡಸಬೇಕು. ಡಾಕ್ಟರ್ ಹೇಳ್ಯಾರ, ಛಳಿಗಾಲ ಕಳದ ಮ್ಯಾಲ ಕಾಲು ಮಡಚಲಿಕ್ಕ ಬರ್ತದಂತ."

"ಡಾಕ್ಟರ್ ಹಂಗ ಹೇಳಿಲ್ಲ ಅಮ್ಮಿ," ಎಂದಳು ಫರಹತ್, ತಲೆಯೆತ್ತದೆ.

"ನನಗ ಹೇಳ್ಯಾರ."

ಈ ಮುದುಕಿಯೂ ಒಂದು ದಿನ ಯಾರ ಕೈಯಿಂದಲೋ ಇದೇ ಜಾಗದಲ್ಲಿ ಕಾಗದವಿಟ್ಟು ತಿಕ್ಕಿಸುತ್ತಾಳೆ. ಕಾರ್ಡಿನ ಪಕ್ಕ ಹಿಡಿದು ನೋಡುತ್ತಾಳೆ. ಆಗ ಅದು ಹೊಂದುವುದಿಲ್ಲ. ಹೊಂದುವ ನಂಬರು ಬಸವಕಲ್ಯಾಣದ ಬೀದಿಗಳಲ್ಲಿ ಓಡಾಡುತ್ತಿರುತ್ತದೆ, ಚಲೋ ಇಟ್ಟ ಸ್ಥಿತಿಯಲ್ಲಿ.

ಅವಳು ಕಾಗದವನ್ನು ಮಡಚಲಿಲ್ಲ. ಮಡಚಿದರೆ ಪೆನ್ಸಿಲು ಅಳಿಸುತ್ತದೆ. ಪುಸ್ತಕದ ನಡುವೆ ಚಪ್ಪಟೆಯಾಗಿ ಇಟ್ಟು ಚೀಲಕ್ಕೆ ಹಾಕಿದಳು.

"ಕಿಕ್ ಹೊಡಿ ಫರಹತ್," ಕುಲ್ಸುಮ್ ಬೀ ಅಂದಳು. "ಹೊತ್ತಾತು."

"ದಿನಾ ಹತ್ತ ಮಿನಿಟ," ಫರಹತ್ ಎದ್ದು ಬಂದಳು. "ಕಿಕ್ ನಂದು, ಸವಾರಿ ಅವರ್ದು."

ಇಬ್ಬರೂ ಸೇರಿ ಅವಳನ್ನು ಸೀಟಿನ ಮೇಲೆ ಅಡ್ಡ ಕೂಡಿಸಿ, ಆಮೇಲೆ ನೆಟ್ಟಗೆ ತಿರುಗಿಸಿದರು. ಅವಳ ಕಂಕುಳಲ್ಲಿ ಕೈ ಹಾಕಿ ಎತ್ತುವಾಗ ರತ್ನಮಾಲಾಳಿಗೆ ಮುದುಕಿಯ ಮೈಯ ಹಗುರ ತಿಳಿಯಿತು. ನಾಲ್ಕನೆಯ ಕಿಕ್ಕಿಗೆ ಗಾಡಿ ಹತ್ತಿಕೊಂಡಿತು. ಕುಲ್ಸುಮ್ ಬೀ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಎರಡೂ ಹಿಡಿಕೆ ಹಿಡಿದು, ಒಂದು ಮೊಳ ದೂರದ ಗೋಡೆಯನ್ನು ನೋಡುತ್ತ ಎಕ್ಸಿಲರೇಟರ್ ತಿರುವಿದಳು.

"ಹೋಗಿ ಬರ್ತೀನ್ರಿ, ಖಾಲಾ."

ಕೇಳಿಸಲಿಲ್ಲ.

ಬೀದಿಗೆ ಬಂದು ತನ್ನದನ್ನು ಚಾಲೂ ಮಾಡಿದಳು. ಎರಡು ಇಂಜಿನುಗಳ ಸದ್ದು ತಗಡಿನ ಕೆಳಗೆ ಕೂಡಿಕೊಂಡಿತು. ಯಾವುದು ಯಾವುದರದೆಂದು ಅವಳು ಕಿವಿಗೊಟ್ಟಳು, ಎರಡನೆಯ ಸಲವೂ ಕಿವಿಗೊಟ್ಟಳು, ತಿಳಿಯಲಿಲ್ಲ. ಕಾಸಿಂ ಕೇಳಿದರೆ ಮನೆ ಸಿಗಲಿಲ್ಲ ಎನ್ನಬೇಕು. ಸಂತೋಷಕುಮಾರ ಪ್ರಿಂಟು ನೋಡುತ್ತಾನೆ, ಮುಖ ನೋಡುವುದಿಲ್ಲ. ಗಂಡನಿಗೆ ಹೊಸ ಕಾರ್ಡು ತೋರಿಸಬೇಕು, ಅವನು ಊಟಕ್ಕೆ ಕೂತಾಗ, ತಟ್ಟೆಯ ಪಕ್ಕ. ಇನ್ನು ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ. ಯಾರಿಗೂ. ಅವಳು ಹಾಗೆ ನಿರ್ಧರಿಸಿ, ನಿರ್ಧರಿಸಿದ್ದಕ್ಕೆ ಬೆನ್ನು ನೆಟ್ಟಗಾದದ್ದನ್ನು ಗಮನಿಸಿದಳು.

ಕನ್ನಡಿಯಲ್ಲಿ ಮುದುಕಿ ಇನ್ನೂ ಕೂತಿದ್ದಳು, ಗೋಡೆಯ ಕಡೆಗೆ ಸ್ವಲ್ಪ ಬಾಗಿ. ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಹಿಂದಿನ ಗಾಲಿ ಅತಿ ವೇಗವಾಗಿ ತಿರುಗುತ್ತಿತ್ತು.