ಕಣ್ಣಿಲ್ಲದ ಗಿಳಿಗಳು

ಕರೆದವರಿಗೆಲ್ಲ 'ಓ' ಅನ್ನುವ ಸೊಸೆಯೊಬ್ಬಳು ಒಂದೂರಿನಲ್ಲಿದ್ದಳಂತೆ. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಬಾಗಿಲಾಚೆಯಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಯಾರು ಏನು ಎಂದು ನೋಡದೆ ಇವಳು 'ಓ' ಅಂದಳು. ಅಷ್ಟೇ. ಒಳಗೆ ಹೋಗಿ ನೋಡಿದರೆ ತವರಿನಿಂದ ತಂದ ಪೆಟ್ಟಿಗೆ ಇದ್ದಲ್ಲೇ ಇತ್ತು, ಹಾಕಿದ ಬೀಗ ಹಾಕಿದಂತೆಯೇ ಇತ್ತು. ತೆರೆದರೆ ಒಂದೆಳೆ ನೂಲೂ ಇರಲಿಲ್ಲ.

ಕುರುಗೋಡಿನ ಜಡೆಮ್ಮ ಈ ಕಥೆಯನ್ನು ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸಿ ಮೊಮ್ಮಗಳ ಕಿವಿ ಹಿಂಡುತ್ತಿದ್ದಳು. "ಅದಕ್ಕ, ಯಾರರ ಕರದ್ರ ಮೊದಲು ಯಾರಂತ ಕೇಳಬೇಕು. ತಿಳೀತಿಲ್ಲೋ?"

ಆ ಮೊಮ್ಮಗಳು ಮೌನಿಕಾ ಈಗ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನ ಮುಂದೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತ್ತು. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತಿತ್ತು. ಬೇಡ ಎಂದು ಒತ್ತಿದಳು. ಅದರ ಬೆನ್ನಿಗೇ ಅಂಥದೇ ಇನ್ನೊಂದು ಚೌಕ ಎದ್ದು ಬಂತು.

"ಹೂಂ ಅಂತ ಒತ್ತಿ ಬಿಡವ್ವಾ," ಹಿಂದೆ ನಿಂತಿದ್ದ ಮಾರೇಶ ಅಂದ. ಜೇಬಿಗೆ ಕಸೂತಿ ಹಾಕುವ ದೊಡ್ಡ ಮಷೀನು ನಡೆಸುವವನು ಅವನು. ಆ ಮಷೀನು ಬಿಟ್ಟರೆ ಜಗತ್ತಿನಲ್ಲಿ ಮಿಕ್ಕಿದ್ದೆಲ್ಲ ಅವನಿಗೆ ತಮಾಷೆ. "ಪಾಪ, ಅಷ್ಟು ಬೇಡಿಕೊಳ್ಳಾಕತ್ತೈತಿ."

"ಹೂಂ ಅಂದ್ರ ಒಳಗಿದ್ದದ್ದೆಲ್ಲ ಅಳಿಸಿ ಹೊಕ್ಕೈತಿ, ಮಾರೇಶಣ್ಣ."

"ಒಳಗೇನೈತಿ? ಏನೂ ಕಾಣವಲ್ದಲ್ಲ."

"ಐತಿ. ಇದಕ್ಕ ಓದಾಕ ಬರಂಗಿಲ್ಲ, ಅಷ್ಟ."

ಆ ಡಿಸ್ಕು ಶಾಕೀರನದು. ಇಲ್ಲಿ ವಿನ್ಯಾಸ ಬರೆಯುವುದನ್ನು ಮೌನಿಕಾಗೆ ಕಲಿಸಿದವನು ಅವನೇ. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್. ಶಾಕೀರ ಮಾತ್ರ ತನ್ನ ಹಳೆಯ ಕಂಪ್ಯೂಟರಿಗೆ, ವಿಂಡೋಸಿಗೆ ಓದಲು ಬಾರದ ಲಿನಕ್ಸ್ ಹಾಕಿಕೊಂಡು, ಅದರಲ್ಲೇ ಗಿಳಿ, ಬಳ್ಳಿ ಎಲ್ಲ ಬರೆಯುತ್ತಿದ್ದ. ಒಂದು ಮಧ್ಯಾಹ್ನ ಕರೆಂಟು ಏರುಪೇರಾಗಿ ಅದು ಸುಟ್ಟು ಹೋಯಿತು. ಉಳಿದ ಡಿಸ್ಕನ್ನು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇವಳ ಕೈಗೆ ಕೊಟ್ಟು, ಅವನು ರಾಯಚೂರಿನ ಬೇರೆ ಕೆಲಸಕ್ಕೆ ಹೋಗಿದ್ದ. ಹಸಿವಾಗದೆ ಒಲೆ ನೆನಪಾಗುವುದಿಲ್ಲ ಅನ್ನುವಂತೆ ಮೌನಿಕಾ ಇಷ್ಟು ದಿನ ಕವರು ಬಿಚ್ಚಿರಲಿಲ್ಲ. ಈಗ ಅಕ್ಕ ಅನಿತಾಳ ಕುಬಸ ಭಾನುವಾರ ಎಂದು ಸಿರುಗುಪ್ಪದಿಂದ ಫೋನು ಬಂದಿತ್ತು.

ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ ಅಂದರೆ ರವಿಕೆ ತಂದು ಉಡಿಸಿ ತೊಡಿಸುವ ಕಾರ್ಯ ಅದು. ಅನಿತಾ ಲಂಗ ತೊಡುವ ಹುಡುಗಿಯಾಗಿದ್ದಾಗ, ಅಜ್ಜಿಯ ತೋಳಿನ ಹಚ್ಚೆಯ ಗಿಳಿಗಳನ್ನು ಕೆರೆದು ಕೆರೆದು ತನಗೂ ಬೇಕೆಂದು ಅತ್ತಿದ್ದಳಂತೆ. "ಅಳಬ್ಯಾಡ. ನಿನ್ನ ಕುಬಸಕ್ಕ ಇವನ್ನ ನನ್ನ ಕೈಯಾರೆ ಹಾಕಿ ಕೊಡ್ತೀನಿ," ಎಂದು ಜಡೆಮ್ಮ ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಆಪರೇಶನ್ ಆದರೂ ಸೂಜಿ ಹಿಡಿಯುವಷ್ಟು ನೋಟ ತಿರುಗಿ ಬರಲಿಲ್ಲ. ಅದಕ್ಕೇ ಶಾಕೀರ ಒಮ್ಮೆ ಕುರುಗೋಡಿಗೆ ಬಂದು, ಅಜ್ಜಿಯ ತೋಳನ್ನು ಬಿಸಿಲಿಗೆ ಹಿಡಿಸಿ ಫೋಟೋ ತೆಗೆದುಕೊಂಡಿದ್ದ. ಆಮೇಲೆ ಅವನೂ ಮೌನಿಕಾಳೂ ಕೂತು, ಬಿಡುವಾದಾಗಲೆಲ್ಲ ಒಂದೊಂದೇ ಗರಿ ತಿದ್ದಿ ತಿದ್ದಿ ಆ ಗಿಳಿಗಳನ್ನು ಬರೆದಿದ್ದರು. ಕೊನೆಯ ಗೆರೆಗಳನ್ನು ಶಾಕೀರ ಮನೆಯಲ್ಲಿ ಮುಗಿಸಿದ್ದ. ಮತ್ತೆ ಮೊದಲಿನಿಂದ ಬರೆಯಲು ಈಗ ಹೊತ್ತಿಲ್ಲ.

ಮೌನಿಕಾ ನೀರು ಕುಡಿದು ಬರಲು ಎದ್ದಳು. ತಿರುಗಿ ಬಂದಾಗ ಮಾರೇಶ ಅವಳ ಕುರ್ಚಿಯಲ್ಲಿ ಕೂತು ಮೌಸು ಹಿಡಿದಿದ್ದ. ಪರದೆಯ ಮೇಲೆ ಈಗ ಬೇರೆಯೇ ಚೌಕವಿತ್ತು. ಕೆಳಗೆ 'ಸ್ಟಾರ್ಟ್' ಗುಂಡಿ; ಒತ್ತಿದರೆ ಅಳಿಸುವುದು ಶುರು.

"ಮಾರೇಶಣ್ಣಾ!"

ಅವಳು ಕೂಗಿದ್ದಕ್ಕೆ ಹೊಲಿಗೆಯ ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು. ಅವಳು ಅವನ ಕೈಯನ್ನೇ ಎತ್ತಿ ಹಿಡಿದಿದ್ದಳು, ಕಳ್ಳನನ್ನು ಹಿಡಿದಂತೆ.

"ಏನವ್ವಾ, ನಾ ಬರೇ ಹೂಂ ಅಂದೆ..."

"ನೀ ಒಮ್ಮಿ ಹೂಂ ಅಂದಿ. ಇನ್ನೊಮ್ಮಿ ಅಂದಿದ್ರ ನಮ್ಮಜ್ಜಿ ಪೆಟ್ಟಿಗಿ ಖಾಲಿ ಆಗ್ತಿತ್ತು. ಏಳು ಮ್ಯಾಲೆ."

ಚೌಕವನ್ನು ಮುಚ್ಚಿ ಅವಳು ಶಾಕೀರನಿಗೆ ಫೋನು ಮಾಡಿದಳು. ಆ ಕಡೆಯಿಂದಲೂ ಮಷೀನುಗಳ ಸದ್ದು.

"ಯವ್ವಾ, ಅದಕ್ಕ ಬ್ಯಾಡ ಅಂತಾನೇ ಒತ್ತು, ಎಷ್ಟು ಸಲ ಕೇಳಿದ್ರೂ," ಅಂದ ಶಾಕೀರ. "ಅಂಥಾ ಡಿಸ್ಕು ಓದಾಕ ಒಂದು ಸಾಫ್ಟ್‌ವೇರ್ ಐತಿ, ಹೆಸರು ಕಳಿಸ್ತೀನಿ. ಪುಕ್ಕಟೆ. ಓಪನ್ ಸೋರ್ಸ್."

"ಯಾರು ಮಾಡಿದ್ದು?"

"ಯಾರೋ ಬರದಿದ್ರು, ಇನ್ಯಾರೋ ತಿದ್ದಿದ್ರು, ಮತ್ಯಾರೋ ಸೇರಿಸಿದ್ರು. ಒಳಗ ಹೆಂಗ ಬರದಾರ ಅನ್ನೋದೂ ತಗದು ನೋಡಬಹುದು, ಯಾರೂ ಬ್ಯಾಡ ಅನ್ನಂಗಿಲ್ಲ."

"ನಮ್ಮಜ್ಜಿ ಕಥಿ ಇದ್ದಂಗ."

"ಹಂಗ ತಿಳಕೋ. ಆದ್ರ ಕೇಳಿಲ್ಲಿ, 'ಓದಾಕ ಮಾತ್ರ' ಅನ್ನೋದಕ್ಕ ಗುರುತು ಹಾಕು. ಒಳಗ ಏನೂ ಬರಿಬ್ಯಾಡ. ನೋಡು, ತಗೋ, ಬಾ."

ಸಾಫ್ಟ್‌ವೇರ್ ಇಳಿಯಿತು. ತೆರೆದಾಗ ಡಿಸ್ಕಿನ ಭಾಗಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಕಂಡವು.

"ಒಂದ ಡಬ್ಬಿಯೊಳಗ ಇಷ್ಟು ಕ್ವಾಣಿ ಏನವ್ವಾ," ಮಾರೇಶ ದೂರದಿಂದಲೇ ಇಣುಕಿದ. ಈಗ ಕೈ ಹಿಂದೆ ಕಟ್ಟಿಕೊಂಡಿದ್ದ. ಮೌನಿಕಾ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಓದಲು ಮಾತ್ರ ಎಂದು ಗುರುತು ಹಾಕಿ, ವಿಂಡೋಸ್ ಗುರುತು ಹಿಡಿಯಲೆಂದು ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಾಗಿಲು ತೆರೆದಂತೆ ಶಾಕೀರನ ಫೋಲ್ಡರುಗಳು ಸಾಲಾಗಿ ಬಂದು ನಿಂತವು: ಜೇಬು, ಹೂವು, ಬಿಲ್ಲು, ಹಾಡು. ಕೊನೆಯಲ್ಲಿ 'ಅಜ್ಜಿ'.

ಅದರಲ್ಲಿದ್ದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ತೆರೆದಳು. ಎದುರು ಬದುರು ಕೂತ ಎರಡು ಗಿಳಿ, ನಡುವೆ ಬಳ್ಳಿ. ಕೊಕ್ಕು, ಗರಿ, ಕುತ್ತಿಗೆಯ ಸರ, ಎಲ್ಲ ಇದ್ದವು. ಕಣ್ಣು ಮಾತ್ರ ಇರಲಿಲ್ಲ. ಎರಡಕ್ಕೂ.

"ಅಯ್ಯೋ, ಹಾಳಾಗೇತಿ!" ಅವಳು ಮತ್ತೆ ಶಾಕೀರನಿಗೆ ಫೋನು ಹಚ್ಚಿದಳು.

"ನಾ ಏನೂ ಒತ್ತಿಲ್ಲ," ಅಂದ ಮಾರೇಶ, ಕೇಳುವ ಮೊದಲೇ.

ಶಾಕೀರ ಫೋನಿನಲ್ಲಿ ನಕ್ಕ. "ಹಾಳಾಗಿಲ್ಲ. ಆವತ್ತು ಫೋಟೋ ತಗಿಯಾಕ ಹೋದಾಗ ನಿಮ್ಮಜ್ಜಿ ನನ್ನ ಕೈ ಹಿಡಕೊಂಡು ಹೇಳಿದ್ಲು, 'ಎಲ್ಲಾ ನಿನ್ನ ಮಷೀನು ಹಾಕಲಪ್ಪ, ಕಣ್ಣು ಮಾತ್ರ ಬಿಡು, ಅದು ನನ್ನ ಕೆಲಸ' ಅಂತ. ನಿನಗ ಹೇಳಿಲ್ಲೇನು?"

ಮೌನಿಕಾ ಪರದೆಯ ಮೇಲೆ ಕಣ್ಣಿರಬೇಕಾದ ಜಾಗವನ್ನು ಬೆರಳಿಂದ ಮುಟ್ಟಿದಳು.

ಕಾರ್ಖಾನೆಯ ಸಾವ್ಕಾರರು ಜೇಬುಗಳ ಕೆಲಸದ ನಡುವೆ ಮಷೀನಿಗೆ ಬಿಡುವು ಮಾಡಿಕೊಟ್ಟರು. ನೀಲಿ ಡೆನಿಮ್ ಬಿಗಿಯುವ ಫ್ರೇಮಿನಲ್ಲಿ ಮಾರೇಶ ಕುಬಸದ ಹಸಿರು ಖಣವನ್ನು ಬಿಗಿದ. ತಮಾಷೆ ನಿಂತು ಹೋಗಿತ್ತು. ಬಟ್ಟೆಯ ನೆರಿಗೆಯನ್ನು ಮಗುವಿನ ಕೆನ್ನೆಯಂತೆ ಸವರಿದ. ಸೂಜಿಗಳು ಟಕಟಕನೆ ಇಳಿದು, ಮೊದಲು ಒಂದು ಕೊಕ್ಕು, ಆಮೇಲೆ ಒಂದು ರೆಕ್ಕೆ, ಕೆಂಪಗೆ ಅರಳಿದವು. ಹೊಲಿಗೆಯ ಸಾಲಿನ ಫರ್ಜಾನಾ ಅದನ್ನು ಕತ್ತರಿಸಿ ಕುಬಸ ಹೊಲಿದು ಕೊಟ್ಟಳು.

ಭಾನುವಾರ ಸಿರುಗುಪ್ಪದ ಮನೆಯಲ್ಲಿ ಹೊರಗೆ ಹೆಂಗಸರ ಹಾಡು ಶುರುವಾಗಿತ್ತು. ಒಳಗೆ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಜಡೆಮ್ಮ ಕೂತಿದ್ದಳು. ಎದುರಿಗೆ ಅನಿತಾ, ಹಸಿರು ಸೀರೆ ಉಟ್ಟು, ಬೆವೆತು.

"ಅಜ್ಜೀ, ಎಲ್ಲಾರೂ ಕಾಯಾಕತ್ತಾರ."

"ಕಾಯಲಿ. ಇಷ್ಟು ವರ್ಷ ನೀ ಕಾದಿಲ್ಲೇನು?"

ಮುದುಕಿ ಕಸೂತಿಯ ಮೇಲೆ ಬೆರಳಾಡಿಸಿದಳು. ಬೆರಳು ಕೊಕ್ಕಿನಿಂದ ಮೇಲೇರಿ, ತಲೆಯ ಮೇಲೆ ಬರಿಯ ಬಟ್ಟೆ ಸಿಕ್ಕಲ್ಲಿ ನಿಂತಿತು. "ಆ ಸಾಬರ ಹುಡುಗ ಮಾತು ಉಳಿಸ್ಯಾನ," ಅಂದಳು. ಮೌನಿಕಾ ಕರಿ ದಾರ ಪೋಣಿಸಿ ಸೂಜಿಯನ್ನು ಅವಳ ಬೆರಳಿಗೆ ಕೊಟ್ಟಳು. ಎಡಗೈ ಹೆಬ್ಬೆರಳನ್ನು ಜಾಗಕ್ಕೆ ಒತ್ತಿ ಹಿಡಿದು, ಜಡೆಮ್ಮ ಒಂದು ಗಿಳಿಗೆ ಕಣ್ಣಿಟ್ಟಳು. ಎರಡನೆಯದಕ್ಕೆ ಸೂಜಿ ಚುಚ್ಚಿದಾಗ ಹೊರಗಿನಿಂದ ಒಂದು ದನಿ ಕೂಗಿತು.

"ಜಡೆಮ್ಮಾ!"

ಅವಳು ಸೂಜಿಯನ್ನು ಮೇಲಕ್ಕೆ ಎಳೆದಳು. "ಯಾರದು?"

"ನಾನು, ಎರ್ರಮ್ಮ, ಅನಿತಾನ ಅತ್ತಿ. ಆರತಿ ತಯಾರೈತಿ, ಮುಗೀತಾ?"

ಜಡೆಮ್ಮ ಗಂಟು ಹಾಕಿ, ಅದರ ಮೇಲೆ ಬೆರಳಾಡಿಸಿ ನೋಡಿ, ಇನ್ನೊಂದು ಗಂಟು ಹಾಕಿದಳು. ಬಾಗಿ ಹಲ್ಲಿನಿಂದ ದಾರ ಕಡಿದಳು. ಕುಬಸವನ್ನು ಕೊಡವಿ ಅನಿತಾಳ ಮಡಿಲಿಗೆ ಹಾಕಿ, ಬಾಗಿಲ ಕಡೆ ಮುಖ ತಿರುಗಿಸಿ, "ಓ" ಅಂದಳು.